ನಾಲ್ಕು ಚಹಾ ಪೊಟ್ಟಣಗಳ ಪಯಣ

ಬೆಳಗಿನ ಜಾವದಲ್ಲಿ ಜೋಗೇಶ್ವರಿ ನಿಲ್ದಾಣದ ಪೂರ್ವದಿಕ್ಕಿನ ದ್ವಾರದ ಬಳಿ ಅರೆಗಳಿಗೆ ನಿಂತು ನೋಡಿದರೆ, ಮುಂಬಯಿಯನ್ನು ಗಾಡಿಗಳ ನಗರವೆನ್ನುವುದಕ್ಕಿಂತ ಕಾಲ್ನಡಿಗೆಯ ನಗರವೆನ್ನುವುದೇ ಲೇಸೆಂದು ಯಾರಿಗಾದರೂ ತೋರದಿರದು. ಮೇಘವಾಡಿಯ ಕಡೆಯಿಂದಲೂ ಮಜಾಸವಾಡಿಯ ಕಡೆಯಿಂದಲೂ ನಸುಗತ್ತಲೆಯಲ್ಲಿ ನಡೆದುಬರುವವರ ಸಾಲು ಕಡಿಯುವುದಿಲ್ಲ. ಅವರಲ್ಲಿ ಒಲೆ ಹಚ್ಚಲು ಹೊರಟ ಅಡುಗೆಯವನಿದ್ದಾನೆ, ಬಾಗಿಲು ತೆರೆಯಲು ಹೊರಟ ಮಾಣಿಯಿದ್ದಾನೆ, ಎರಡು ಗಾಡಿ ಬದಲಿಸಿ ಫೋರ್ಟಿನ ಕಚೇರಿಯನ್ನು ಸೇರಬೇಕಾದ ಗುಮಾಸ್ತನಿದ್ದಾನೆ. ಹೊಟೇಲನ್ನು ಸೇರಿದ ಮೇಲೂ ನಮ್ಮವರ ನಡಿಗೆ ನಿಲ್ಲುವುದಿಲ್ಲ. ಅಡುಗೆಮನೆಯಿಂದ ಮೇಜಿಗೆ, ಮೇಜಿನಿಂದ ಅಡುಗೆಮನೆಗೆ ಒಬ್ಬ ಮಾಣಿಯು ದಿನವೊಂದಕ್ಕೆ ಎಷ್ಟು ಮೈಲು ನಡೆಯುತ್ತಾನೆಂಬುದನ್ನು ಯಾರೂ ಅಳೆದಿಟ್ಟಿಲ್ಲ. ರಾತ್ರಿ ಹಾಸಿಗೆಯ ಮೇಲೆ ಕಾಲು ಚಾಚಿದಾಗ ಆ ಲೆಕ್ಕವನ್ನು ಅವನ ಮೀನಖಂಡಗಳೇ ಹೇಳುತ್ತವೆ.

ಇದು ಹೊಟ್ಟೆಯ ಪಾಡಿನ ನಡಿಗೆ. ಆದರೆ ಸಂಬಳವಿಲ್ಲದೆ, ಹರಕೆಯಿಲ್ಲದೆ, ಪಂದ್ಯದ ಪದಕದ ಆಸೆಯೂ ಇಲ್ಲದೆ, ಮನುಷ್ಯರು ಮನುಷ್ಯರನ್ನು ಕೊಲ್ಲದಿರಲಿ ಎಂಬ ಒಂದೇ ಮಾತನ್ನು ಹೇಳುವುದಕ್ಕಾಗಿ ನೂರಾರು, ಸಾವಿರಾರು ಮೈಲುಗಳನ್ನು ಗುಂಪಾಗಿ ನಡೆದವರು ನಮ್ಮ ದೇಶದಲ್ಲಿಯೂ ಪರದೇಶಗಳಲ್ಲಿಯೂ ಇದ್ದಾರೆ. ಕೆಲಸವಿಲ್ಲದವರ ಕೆಲಸವಿದೆಂದು ನಗುವವರುಂಟು. ಒಂದಾನೊಂದು ಕಾಲದಲ್ಲಿ ಈ ಲೇಖಕನೂ ಹಾಗೆಯೇ ನಕ್ಕವನು. ಆ ನಗು ಏಕೆ ನಿಂತಿತೆಂಬುದನ್ನು ಹೊಟೇಲು ಬಂಧುಗಳಿಗೂ ಕಚೇರಿಯ ಮಿತ್ರರಿಗೂ ನಿವೇದಿಸುವುದೇ ಈ ಬರಹದ ಉದ್ದೇಶ.

ಮೋಟೆಬೆನ್ನೂರಿನ ತರುಣ

ಇಂತಹ ಯಾತ್ರೆಗಳಿಗೆಲ್ಲ ಮೂಲಪುರುಷರೆಂದರೆ ಗಾಂಧೀಜಿ. 1930ನೇ ಇಸವಿ ಮಾರ್ಚ್ 12ರಂದು ಅವರು ಸಾಬರಮತಿ ಆಶ್ರಮದಿಂದ 78 ಮಂದಿ ಸತ್ಯಾಗ್ರಹಿಗಳೊಡನೆ ದಾಂಡಿಯ ಕಡಲತೀರಕ್ಕೆ ಹೊರಟರು. ಸುಮಾರು 240 ಮೈಲುಗಳ ದಾರಿಯನ್ನು ಕ್ರಮಿಸಿ ಏಪ್ರಿಲ್ 6ರಂದು ಉಪ್ಪನ್ನು ಎತ್ತಿಕೊಂಡರು. ಆ ತಂಡದಲ್ಲಿ ಕರ್ನಾಟಕದವನೊಬ್ಬನಿದ್ದನೆಂಬುದನ್ನು ನಮ್ಮಲ್ಲಿ ಅನೇಕರು ಮರೆತಿದ್ದಾರೆ. ಈಗಿನ ಹಾವೇರಿ ಜಿಲ್ಲೆಯ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನಿಗೆ ಆಗ ಹದಿನೆಂಟರ ಹರೆಯ. ನಮ್ಮ ಹುಡುಗರು ಊರು ಬಿಟ್ಟು ಮುಂಬಯಿಯ ಗಾಡಿ ಹತ್ತುವ ವಯಸ್ಸಿನಲ್ಲಿ ಅವನು ಗಾಂಧೀಜಿಯವರ ಹಿಂದೆ ಹೆಜ್ಜೆಯಿಟ್ಟನು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾಗಿ ಹುತಾತ್ಮನಾದ ಮೈಲಾರ ಮಹಾದೇವ ಇವನೇ.

ದಾಂಡಿಯ ದಾರಿಯಲ್ಲಿ ನಡೆದ ಒಂದು ಸಂಗತಿಯು ಹೊಟೇಲಿನಲ್ಲಿ ದುಡಿಯುವವರು ವಿಶೇಷವಾಗಿ ತಿಳಿಯಬೇಕಾದುದು. ತಂಡದ ಊಟವು ಅತ್ಯಂತ ಸರಳವಾಗಿರಬೇಕೆಂದು ಗಾಂಧೀಜಿ ಗ್ರಾಮಗಳಿಗೆ ಮುಂಚಿತವಾಗಿಯೇ ತಿಳಿಸಿದ್ದರು. ಆದರೂ ಭಕ್ತಿಯ ಭರದಲ್ಲಿ ಸೂರತ್ತಿನಿಂದ ಲಾರಿಯಲ್ಲಿ ಹಾಲು ತರಿಸಲಾಯಿತು. ರಾತ್ರಿಯ ನಡಿಗೆಗೆ ಬೆಳಕಾಗಲೆಂದು ಒಬ್ಬ ಬಡ ಕೂಲಿಯ ತಲೆಯ ಮೇಲೆ ಭಾರವಾದ ದೀಪವನ್ನು ಹೊರಿಸಿ, ಬೇಗ ಬೇಗ ನಡೆಯೆಂದು ಅವನನ್ನು ಅವಸರಪಡಿಸಲಾಯಿತು. ಇದನ್ನು ಕಂಡ ಗಾಂಧೀಜಿ ಮಾರ್ಚ್ 29ರಂದು ಭಟಗಾಮ್ ಎಂಬ ಹಳ್ಳಿಯ ಸಭೆಯಲ್ಲಿ ಬ್ರಿಟಿಷರನ್ನು ಬಿಟ್ಟು ತಮ್ಮನ್ನೂ ತಮ್ಮ ಸಂಗಡಿಗರನ್ನೂ ಎಲ್ಲರೆದುರಿಗೆ ಕಟುವಾಗಿ ಖಂಡಿಸಿಕೊಂಡರು. ಬಡವನ ಹೆಸರಿನಲ್ಲಿ ನಡೆಯುವವರು ಬಡವನ ತಲೆಯ ಮೇಲೆಯೇ ಭಾರ ಹೊರಿಸಿದರೆ ಆ ನಡಿಗೆಗೆ ಅರ್ಥವೇನುಂಟು?

ಮೆರವಣಿಗೆಯಲ್ಲಿ ಮುಂದೆ ನಡೆಯುವವರ ಚಿತ್ರ ಪತ್ರಿಕೆಯಲ್ಲಿ ಬರುತ್ತದೆ. ದೀಪ ಹೊತ್ತವನನ್ನೂ ಅನ್ನ ಬಡಿಸಿದವನನ್ನೂ ಎಂಜಲೆಲೆ ಎತ್ತಿದವನನ್ನೂ ಯಾರು ನೋಡುತ್ತಾರೆ? ಅಂದು ಗಾಂಧೀಜಿ ನೋಡಿದರು. ಶಾಂತಿಯ ಯಾತ್ರೆಗೂ ಬರಿಯ ಮೆರವಣಿಗೆಗೂ ಇರುವ ಭೇದವನ್ನು ನಾನು ಮೊದಲು ಅರಿತುದು ಈ ಪ್ರಸಂಗದಿಂದಲೇ.

ಬೆಂಗಳೂರಿನ ಕಾಫಿಯ ಮೇಜಿನಲ್ಲಿ

ಸ್ವಾತಂತ್ರ್ಯಾನಂತರ ಈ ದಾರಿಯನ್ನು ಹಿಡಿದವರು ವಿನೋಬಾ ಭಾವೆಯವರು. ತೆಲಂಗಾಣದ ಪೋಚಂಪಲ್ಲಿಯಲ್ಲಿ 1951ರ ಏಪ್ರಿಲ್ 18ರಂದು ಭೂಹೀನರಿಗಾಗಿ ಮೊದಲ ಭೂದಾನವನ್ನು ಸ್ವೀಕರಿಸಿದ ಅವರು ಮುಂದೆ ಹತ್ತು ವರ್ಷಗಳಿಗೂ ಮಿಕ್ಕಿ ಭಾರತವನ್ನು ಕಾಲ್ನಡಿಗೆಯಲ್ಲಿಯೇ ಸುತ್ತಿದರು. 1957ರಲ್ಲಿ ಕೇರಳದ ಯಾತ್ರೆಯ ಕಾಲಕ್ಕೆ, ಗಲಭೆಯ ಸ್ಥಳಗಳಿಗೆ ನಿರಾಯುಧರಾಗಿ ನುಗ್ಗಬಲ್ಲ ಶಾಂತಿಸೇನೆಯನ್ನು ಹುಟ್ಟುಹಾಕಿದರು. ಅದೇ ವರ್ಷ ಕರ್ನಾಟಕಕ್ಕೆ ಬಂದಾಗ ಮೈಸೂರಿನ ಬಳಿಯ ಯಲವಾಲದಲ್ಲಿ ನಡೆದ ಗ್ರಾಮದಾನ ಸಮ್ಮೇಳನಕ್ಕೆ ರಾಷ್ಟ್ರಪತಿ ರಾಜೇಂದ್ರ ಪ್ರಸಾದರೂ ಪ್ರಧಾನಿ ನೆಹರೂ ಅವರೂ ಆಗಮಿಸಿದ್ದರು.

ವಿನೋಬಾರವರ ಹಿಂದೆ ನಡೆದ ತರುಣರಲ್ಲಿ ಇಬ್ಬರನ್ನು ಇಲ್ಲಿ ನೆನೆಯಬೇಕು. ಒಬ್ಬರು ರಾಜಸ್ಥಾನದಲ್ಲಿ ಹುಟ್ಟಿ, ಒಂಬತ್ತನೆಯ ವಯಸ್ಸಿನಲ್ಲಿ ಜೈನ ಮುನಿಯಾಗಿ, ಹದಿನೆಂಟನೆಯ ವಯಸ್ಸಿನಲ್ಲಿ ಆ ದೀಕ್ಷೆಯನ್ನು ಬಿಟ್ಟುಬಂದ ಸತೀಶಕುಮಾರರು. ಇನ್ನೊಬ್ಬರು ಕೇರಳದ ಇ. ಪಿ. ಮೆನನ್ನರು. 1961ರಲ್ಲಿ ಇವರಿಬ್ಬರೂ ಬೆಂಗಳೂರಿನ ಒಂದು ಕಾಫಿ ಹೊಟೇಲಿನಲ್ಲಿ ಕುಳಿತಿದ್ದಾಗ, ಅಣ್ವಸ್ತ್ರಗಳ ವಿರುದ್ಧ ಪ್ರತಿಭಟಿಸಿದುದಕ್ಕಾಗಿ ಇಂಗ್ಲೆಂಡಿನ ತತ್ತ್ವಜ್ಞಾನಿ ಬರ್ಟ್ರಂಡ್ ರಸೆಲರನ್ನು ಸೆರೆಮನೆಗೆ ಕಳುಹಿಸಿದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದರು. ರಸೆಲರಿಗೆ ಆಗ 89 ವರ್ಷ. ತೊಂಬತ್ತರ ಅಂಚಿನ ವೃದ್ಧನು ಲೋಕದ ಹಿತಕ್ಕಾಗಿ ಸೆರೆಮನೆ ಸೇರಿರುವಾಗ ತರುಣರಾದ ತಾವು ಕಾಫಿ ಕುಡಿಯುತ್ತ ಕುಳಿತಿರುವುದೇ ಎಂಬ ನಾಚಿಕೆ ಅವರನ್ನು ಕಾಡಿತು. ಆ ಮೇಜಿನಿಂದ ಏಳುವ ಹೊತ್ತಿಗೆ ಅಣುಬಾಂಬನ್ನು ಹೊಂದಿದ್ದ ನಾಲ್ಕು ರಾಷ್ಟ್ರಗಳ ರಾಜಧಾನಿಗಳಾದ ಮಾಸ್ಕೋ, ಪ್ಯಾರಿಸ್, ಲಂಡನ್ ಮತ್ತು ವಾಷಿಂಗ್ಟನ್ನಿಗೆ ನಡೆದುಹೋಗುವ ಆಲೋಚನೆ ಚಿಗುರೊಡೆದಿತ್ತು. ಅವರ ಮುಂದೆ ಆ ಕಾಫಿಯನ್ನು ತಂದಿಟ್ಟ ಮಾಣಿ ಯಾರೋ, ಚರಿತ್ರೆಯು ಅವನ ಹೆಸರನ್ನು ಬರೆದಿಟ್ಟಿಲ್ಲ.

ಇಬ್ಬರೂ ವಿನೋಬಾರವರ ಆಶೀರ್ವಾದ ಬೇಡಿದರು. ವಿನೋಬಾ ಎರಡು ನಿಯಮಗಳನ್ನು ವಿಧಿಸಿದರು. ಕೈಯಲ್ಲಿ ಕಾಸು ಇಟ್ಟುಕೊಳ್ಳಬಾರದು, ಸಸ್ಯಾಹಾರವನ್ನು ಬಿಡಬಾರದು. ಕಾಸಿದ್ದವನು ಛತ್ರವನ್ನೋ ಹೊಟೇಲನ್ನೋ ಹುಡುಕಿಕೊಂಡು ಹೋಗುತ್ತಾನೆ. ಕಾಸಿಲ್ಲದವನು ಅಪರಿಚಿತನ ಬಾಗಿಲನ್ನು ತಟ್ಟಲೇಬೇಕು. ತಟ್ಟಿದ ಮೇಲೆ ಮಾತು ಹುಟ್ಟುತ್ತದೆ. ಮಾಂಸವನ್ನೇಕೆ ಉಣ್ಣುವುದಿಲ್ಲವೆಂದು ಮನೆಯವರು ಕೇಳಿದರೆ ಅಹಿಂಸೆಯ ವಿಚಾರಕ್ಕೂ ದಾರಿಯಾಗುತ್ತದೆ. ವಿನೋಬಾರವರ ಎರಡು ನಿಯಮಗಳ ಮರ್ಮ ಇದೇ.

ಅಪನಂಬಿಕೆಯ ಬುತ್ತಿ

1962ರ ಜೂನ್ 1ರಂದು ದೆಹಲಿಯ ರಾಜಘಾಟದಿಂದ ಯಾತ್ರೆ ಆರಂಭವಾಯಿತು. ಪಾಕಿಸ್ತಾನದ ಗಡಿಯವರೆಗೆ ಬಂದ ಹಿತೈಷಿಗಳು, ಮುಂದಿರುವುದು ಶತ್ರುದೇಶವೆಂದು ಹೇಳಿ, ದಾರಿಗೆ ಬುತ್ತಿಯನ್ನು ಕಟ್ಟಿಕೊಟ್ಟರು. ಸತೀಶಕುಮಾರರು ಅದನ್ನು ಒಲ್ಲೆನೆಂದರು. ಪಾಕಿಸ್ತಾನದ ಜನರು ತಮಗೆ ಅನ್ನವಿಡಲಾರರೆಂಬ ಅಪನಂಬಿಕೆಯನ್ನೇ ಬುತ್ತಿಯಾಗಿ ಕಟ್ಟಿಕೊಂಡು ಶಾಂತಿಯಾತ್ರೆ ಮಾಡುವುದು ಹೇಗೆಂದು ಅವರ ಭಾವನೆ. ಗಡಿಯನ್ನು ದಾಟಿದೊಡನೆ, ಇವರ ವಿಷಯವನ್ನು ಪತ್ರಿಕೆಯಲ್ಲಿ ಓದಿದ್ದ ಒಬ್ಬ ಪಾಕಿಸ್ತಾನಿ ತರುಣನು ಇವರಿಗಾಗಿಯೇ ಕಾದುನಿಂತಿದ್ದನು. ಅಂದಿನ ರಾತ್ರಿಯ ಊಟವೂ ವಸತಿಯೂ ಲಾಹೋರಿನಲ್ಲಿ ಅವನ ಮನೆಯಲ್ಲಿಯೇ ಆದುವು.

ಅಲ್ಲಿಂದ ಖೈಬರ್ ಕಣಿವೆ, ಅಫಘಾನಿಸ್ತಾನ, ಇರಾಣಗಳನ್ನು ದಾಟಿ ಅವರು ಆಗಿನ ಸೋವಿಯತ್ ರಷ್ಯದ ಸೀಮೆಯನ್ನು ಸೇರಿದರು. ಕಪ್ಪು ಸಮುದ್ರದ ಸಮೀಪದಲ್ಲಿ ಒಂದು ಚಹಾ ಕಾರ್ಖಾನೆಯ ಹೊರಗೆ ಇಬ್ಬರು ಕೆಲಸಗಾರ ಹೆಂಗಸರು ಇವರನ್ನು ಕಂಡು ವಿಚಾರಿಸಿದರು. ಒಳಗೆ ಕರೆದು ಚಹಾ ಕೊಟ್ಟರು. ಅವರಲ್ಲೊಬ್ಬಳಿಗೆ ಏನೋ ಹೊಳೆದು, ಎದ್ದುಹೋಗಿ ನಾಲ್ಕು ಚಹಾ ಪೊಟ್ಟಣಗಳನ್ನು ತಂದಳು. ನಾಲ್ಕು ರಾಜಧಾನಿಗಳ ನಾಯಕರಿಗೆ ಒಂದೊಂದನ್ನು ತಲುಪಿಸಬೇಕೆಂದೂ, ಅಣುಬಾಂಬಿನ ಗುಂಡಿಯನ್ನು ಒತ್ತುವ ಹುಚ್ಚು ಬುದ್ಧಿ ಎಂದಾದರೂ ಹುಟ್ಟಿದರೆ ಒಂದು ಕ್ಷಣ ತಡೆದು ಈ ಚಹಾವನ್ನು ಕುಡಿಯುವಂತೆ ತನ್ನ ಪರವಾಗಿ ಹೇಳಬೇಕೆಂದೂ ಕೇಳಿಕೊಂಡಳು. ಆ ಒಂದು ಕ್ಷಣದಲ್ಲಿ, ಬಾಂಬು ಕೊಲ್ಲುವುದು ಶತ್ರುವನ್ನಷ್ಟೇ ಅಲ್ಲ, ರೈತನನ್ನೂ ಕೂಲಿಯನ್ನೂ ಹೆಂಗಸರು ಮಕ್ಕಳನ್ನೂ ಎಂಬ ಅರಿವು ಮೂಡಲೆಂಬುದು ಅವಳ ಆಶಯ.

ಜಗತ್ತಿನ ಅತ್ಯಂತ ಭಯಂಕರ ಶಸ್ತ್ರವನ್ನು ಕೈಯಲ್ಲಿ ಹಿಡಿದವರಿಗೆ ಒಬ್ಬ ಸಾಮಾನ್ಯ ಕೆಲಸಗಾರಳು ಹೇಳಿಕಳುಹಿಸಿದ ಬುದ್ಧಿಮಾತಿದು. ಗಿರಾಕಿಗಳಿಬ್ಬರು ಗಲ್ಲಾದ ಮುಂದೆ ಜಗಳಕ್ಕೆ ನಿಂತಾಗ ನಮ್ಮ ಹಳೆಯ ಮಾಣಿಗಳು ಏನು ಮಾಡುತ್ತಾರೆ? ಪಂಚಾಯಿತಿಗೆ ಹೋಗುವುದಿಲ್ಲ, ಇಬ್ಬರನ್ನೂ ಕುಳ್ಳಿರಿಸಿ ಎರಡು ಗ್ಲಾಸು ಚಹಾ ತಂದಿಡುತ್ತಾರೆ. ಕಪ್ಪು ಸಮುದ್ರದ ತೀರದ ಹೆಂಗಸಿಗೂ ಕಾಪು, ಕುಂದಾಪುರಗಳ ಮಾಣಿಗೂ ಒಂದೇ ಉಪಾಯ ಹೊಳೆದಿದೆ.

ಚಹಾದ ಪೊಟ್ಟಣಗಳನ್ನು ಹೊತ್ತು ಇಬ್ಬರೂ ಮಾಸ್ಕೋವನ್ನು ಸೇರಿದರು. ಪೋಲಂಡ್, ಜರ್ಮನಿಗಳ ಮಾರ್ಗವಾಗಿ ಪ್ಯಾರಿಸನ್ನು ತಲುಪಿದಾಗ ಅಲ್ಲಿಯ ಸರಕಾರವು ಅವರನ್ನು ಸೆರೆಯಲ್ಲಿಟ್ಟಿತು. ಕಡಲನ್ನು ಹಡಗಿನಲ್ಲಿ ದಾಟಿ ಇಂಗ್ಲೆಂಡಿಗೆ ಹೋಗಿ ಯಾತ್ರೆಗೆ ಕಾರಣರಾದ ರಸೆಲರನ್ನೇ ಕಂಡರು. ಬಳಿಕ ಅಮೆರಿಕಕ್ಕೆ ಹೋಗಿ ನ್ಯೂಯಾರ್ಕಿನಿಂದ ವಾಷಿಂಗ್ಟನ್ನಿಗೆ ನಡೆದರು. ಅಷ್ಟರಲ್ಲಿ ಅಧ್ಯಕ್ಷ ಕೆನೆಡಿಯವರ ಹತ್ಯೆ ನಡೆದುಹೋಗಿತ್ತು. ಜೀವಂತ ಕೆನೆಡಿಯವರನ್ನು ಕಾಣಹೊರಟವರು ಅವರ ಸಮಾಧಿಯ ಮುಂದೆ ನಿಲ್ಲಬೇಕಾಯಿತು. ಸುಮಾರು 8,000 ಮೈಲುಗಳ ಪಯಣವಿದು.

ಅಮೆರಿಕದ ದಕ್ಷಿಣ ಪ್ರಾಂತದಲ್ಲಿ ನಡೆದ ಇನ್ನೊಂದು ಸಂಗತಿಯನ್ನೂ ಹೇಳದೆ ಬಿಡಲಾಗದು. ಅಲ್ಲಿಯ ಒಂದು ಉಪಾಹಾರಗೃಹದಲ್ಲಿ ಮೈಬಣ್ಣದ ಕಾರಣಕ್ಕಾಗಿ ಸತೀಶಕುಮಾರರಿಗೆ ಚಹಾ ನಿರಾಕರಿಸಲ್ಪಟ್ಟಿತು. ಅವರು ಕಾರಣ ಕೇಳಿದಾಗ ಎದೆಗೆ ಪಿಸ್ತೂಲು ಹಿಡಿಯಲಾಯಿತು. ಶತ್ರುದೇಶವೆಂದು ಹೇಳಿದಲ್ಲಿ ಅನ್ನ ದೊರೆಯಿತು. ಸಮೃದ್ಧ ದೇಶದ ಹೊಟೇಲಿನಲ್ಲಿ ಒಂದು ಬಟ್ಟಲು ಚಹಾ ದೊರೆಯಲಿಲ್ಲ. ಯುದ್ಧವೂ ಶಾಂತಿಯೂ ರಾಜಧಾನಿಗಳಲ್ಲಿ ಮಾತ್ರ ಹುಟ್ಟುವುವೆಂದು ತಿಳಿದವರು ಈ ಎರಡು ಸಂಗತಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕು. ಉಣ್ಣುವ ಮೇಜಿನ ಬಳಿಯಲ್ಲಿಯೂ ಅವು ಹುಟ್ಟುತ್ತವೆ.

ನಡೆದುದರಿಂದ ಬಂದ ಫಲವೇನು?

ಲೆಕ್ಕಪುಸ್ತಕವನ್ನು ಬರೆಯುವ ಗುಮಾಸ್ತ ಮಿತ್ರರು ಇಲ್ಲಿ ಜಮಾಖರ್ಚನ್ನು ಕೇಳದಿರಲಾರರು. ಕೇಳುವುದು ನ್ಯಾಯವೂ ಹೌದು. ಆ ಇಬ್ಬರು ತರುಣರು ನಡೆಯುತ್ತಿದ್ದಾಗಲೇ, 1962ರ ಅಕ್ಟೋಬರಿನಲ್ಲಿ, ಭಾರತಕ್ಕೂ ಚೀನಕ್ಕೂ ಯುದ್ಧವಾಯಿತು. ಅದರ ಬೆನ್ನಲ್ಲೇ, 1963ರ ಮಾರ್ಚ್ 1ರಂದು, ಮಹಾರಾಷ್ಟ್ರದ ಶಂಕರರಾವ್ ದೇವ್ ಅವರ ನೇತೃತ್ವದಲ್ಲಿ ದೆಹಲಿಯಿಂದ ಪೀಕಿಂಗಿಗೆ ಮೈತ್ರಿಯಾತ್ರೆಯೊಂದು ಹೊರಟಿತು. ಯುದ್ಧದ ಗಾಯ ಇನ್ನೂ ಹಸಿಯಾಗಿದ್ದ ಜನರ ಕೋಪವನ್ನು ಅದು ದಾರಿಯಲ್ಲಿ ಎದುರಿಸಿತು. ಕೊನೆಗೆ ಚೀನವು ಒಳಗೆ ಬಿಡದಿದ್ದುದರಿಂದ ಅಸ್ಸಾಮಿನಲ್ಲಿಯೇ ಮುಗಿಯಿತು.

ಇನ್ನೊಂದು ಪಕ್ಷದಲ್ಲಿ, 1963ರ ಆಗಸ್ಟ್ 5ರಂದು ಮಾಸ್ಕೋದಲ್ಲಿ ಅಮೆರಿಕ, ರಷ್ಯ, ಬ್ರಿಟನ್ನುಗಳು ವಾಯುಮಂಡಲದಲ್ಲಿ ಅಣ್ವಸ್ತ್ರ ಪರೀಕ್ಷೆಯನ್ನು ನಿಲ್ಲಿಸುವ ಒಪ್ಪಂದಕ್ಕೆ ಸಹಿ ಹಾಕಿದುವು. ಅದು ಈ ಇಬ್ಬರ ನಡಿಗೆಯ ಫಲವೆಂದರೆ ಅತಿಶಯೋಕ್ತಿಯಾದೀತು. ಆದರೆ 1958ರ ಈಸ್ಟರಿನಲ್ಲಿ ಲಂಡನ್ನಿನಿಂದ ಅಲ್ಡರ್‌ಮಾಸ್ಟನ್ನಿನ ಅಣ್ವಸ್ತ್ರ ಕೇಂದ್ರಕ್ಕೆ ನಾಲ್ಕು ದಿನ ನಡೆದ ಸಾವಿರಾರು ಜನರು, 1960ರ ಡಿಸೆಂಬರಿನಲ್ಲಿ ಅಮೆರಿಕದ ಸಾನ್‌ಫ್ರಾನ್ಸಿಸ್ಕೋದಿಂದ ಹೊರಟು 1961ರ ಅಕ್ಟೋಬರಿನಲ್ಲಿ ಮಾಸ್ಕೋವನ್ನು ಮುಟ್ಟಿದ ಯಾತ್ರಿಕರು, ಇಂತಹ ಅನೇಕರು ಕೂಡಿ ಅಣುಬಾಂಬನ್ನು ಬೀದಿಯ ಮಾತನ್ನಾಗಿ ಮಾಡಿದರು. ವೃತ್ತದೊಳಗೆ ಮೂರು ಗೆರೆಗಳುಳ್ಳ, ಇಂದು ಹುಡುಗರ ಅಂಗಿಯ ಮೇಲೆಯೂ ಕಾಣುವ ಶಾಂತಿಯ ಚಿಹ್ನೆಯು ಮೊದಲು ಬೀದಿಗೆ ಬಂದುದು ಆ ಅಲ್ಡರ್‌ಮಾಸ್ಟನ್ ನಡಿಗೆಯಲ್ಲಿಯೇ. ಭತ್ತ ಬಿತ್ತಿದವನು ಕೊಯಿಲಿನ ದಿನವನ್ನು ತಾನೇ ನಿಶ್ಚಯಿಸಲಾರನು. ಆದರೆ ಬಿತ್ತದವನಿಗೆ ಕೊಯಿಲೇ ಇಲ್ಲ.

ಮುಂಬಯಿಯಿಂದ ಅಮೃತಸರಕ್ಕೆ

ಇನ್ನು ನಮ್ಮ ಮುಂಬಯಿಯ ಮಾತು. 1984ರ ಘಟನೆಗಳ ಅನಂತರ ಪಂಜಾಬವು ಹೊತ್ತಿ ಉರಿಯುತ್ತಿದ್ದ ಕಾಲ. ವಾಯವ್ಯ ಮುಂಬಯಿಯ ಲೋಕಸಭಾ ಸದಸ್ಯರಾಗಿದ್ದ ಚಿತ್ರನಟ ಸುನೀಲ ದತ್ತರು 1987ರಲ್ಲಿ ಮುಂಬಯಿಯಿಂದ ಅಮೃತಸರದ ಸ್ವರ್ಣಮಂದಿರದವರೆಗೆ ಪಾದಯಾತ್ರೆ ಕೈಗೊಂಡರು. ಮಗಳು ಪ್ರಿಯಾ ದತ್ತರೂ ಅನೇಕ ಸಂಗಡಿಗರೂ ಜೊತೆಯಲ್ಲಿದ್ದರು. ಸುಮಾರು 2,000 ಕಿಲೋಮೀಟರ್ ದಾರಿಗೆ 78 ದಿನಗಳು ಹಿಡಿದುವು. ಲೆಕ್ಕ ಹಾಕಿದರೆ ದಿನಕ್ಕೆ 25 ಕಿಲೋಮೀಟರಿಗೂ ಹೆಚ್ಚು. ಜೋಗೇಶ್ವರಿಯಿಂದ ಚರ್ಚ್‌ಗೇಟಿನವರೆಗೆ ಪ್ರತಿದಿನವೂ ನಡೆದಂತೆಯೇ ಸರಿ.

ದತ್ತರು ಈಗ ಪಾಕಿಸ್ತಾನದಲ್ಲಿರುವ ಝೇಲಂ ಜಿಲ್ಲೆಯ ಹಳ್ಳಿಯೊಂದರಲ್ಲಿ ಹುಟ್ಟಿದವರು. ದೇಶವಿಭಜನೆಯ ಕಾಲದಲ್ಲಿ ಅವರ ಕುಟುಂಬವನ್ನು ಕಾಪಾಡಿದವನು ತಂದೆಯ ಸ್ನೇಹಿತನಾದ ಒಬ್ಬ ಮುಸಲ್ಮಾನನು. ನಿರಾಶ್ರಿತರಾಗಿ ಮುಂಬಯಿಗೆ ಬಂದ ಅವರು ನಗರದ ಬಸ್ಸು ಸಂಸ್ಥೆಯಾದ ಬೆಸ್ಟ್‌ನಲ್ಲಿ ನೌಕರಿ ಮಾಡುತ್ತ ಕಾಲೇಜನ್ನು ಓದಿದರು. ಹೊಟೇಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಅಕ್ಷರ ಕಲಿತ ನಮ್ಮ ಹಿರಿಯ ಪೀಳಿಗೆಯವರಿಗೆ ಈ ಜೀವನ ಅಪರಿಚಿತವಲ್ಲ. ಮರುವರ್ಷ, 1988ರಲ್ಲಿ, ಅವರು ಜಪಾನಿನಲ್ಲಿ ಅಣುಬಾಂಬಿಗೆ ತುತ್ತಾದ ನಾಗಾಸಾಕಿಯಿಂದ ಹಿರೋಶಿಮಾಕ್ಕೂ ನಡೆದರು. ಅವರ ರಾಜಕೀಯವನ್ನು ಒಪ್ಪುವವರೂ ಒಪ್ಪದವರೂ ಇರಬಹುದು. ಒಬ್ಬನ ಅನ್ನದಿಂದ ಬದುಕುಳಿದವನು ಆ ಋಣವನ್ನು ಹೀಗೆಯೂ ತೀರಿಸಬಹುದೆಂಬುದನ್ನು ಅಲ್ಲಗಳೆಯಲಾಗದು.

ಇನ್ನೂರು ಹೆಜ್ಜೆ

ಈಗ ಜೋಗೇಶ್ವರಿಗೆ ಮರಳೋಣ. ಪೂರ್ವಭಾಗದಲ್ಲಿ ಆರನೆಯ ಶತಮಾನದ ಗುಹಾದೇವಾಲಯವೊಂದಿದೆ. ಅದರ ಸುತ್ತಲೂ ಒತ್ತೊತ್ತಾಗಿ ಚಾಳುಗಳೂ ಝೋಪಡಿಗಳೂ ಬೆಳೆದು, ನಾನಾ ಭಾಷೆಗಳ, ನಾನಾ ಧರ್ಮಗಳ ಬಡವರು ಒಂದೇ ನೀರಿನ ನಲ್ಲಿಗೆ ಸಾಲು ನಿಲ್ಲುತ್ತ ಬಾಳಿದ್ದಾರೆ. 1992ರ ಡಿಸೆಂಬರ್ ಮತ್ತು 1993ರ ಜನವರಿಯ ದಂಗೆಗಳಲ್ಲಿ ಮುಂಬಯಿಯಲ್ಲಿ 900 ಮಂದಿ ಮಡಿದರೆಂದು ಶ್ರೀಕೃಷ್ಣ ಆಯೋಗದ ವರದಿಯು ಹೇಳುತ್ತದೆ. ಆ ಜನವರಿ 8ರ ನಸುಕಿನಲ್ಲಿ ಜೋಗೇಶ್ವರಿಯ ಚಾಳೊಂದರಲ್ಲಿ ಮಲಗಿದ್ದವರು ಹೆಂಗಸರೆನ್ನದೆ ಜೀವಂತವಾಗಿ ದಹಿಸಲ್ಪಟ್ಟರು. ಆ ಸುದ್ದಿಯು ಇಡೀ ನಗರಕ್ಕೆ ಕಿಚ್ಚು ಹಚ್ಚಿತು. ಎರಡೂ ಧರ್ಮಗಳ ನಿರಪರಾಧಿಗಳು ಅದಕ್ಕೆ ಆಹುತಿಯಾದರು.

ಆ ದಿನಗಳಲ್ಲಿ ನಾನು ಇಲ್ಲಿಯ ಒಂದು ಸಣ್ಣ ಹೊಟೇಲಿನ ಗಲ್ಲಾದಲ್ಲಿ ಕುಳಿತುಕೊಳ್ಳುತ್ತಿದ್ದೆ. ನಮ್ಮ ಹೊಟೇಲಿಗೆ ಪಾವ್ ಬರುತ್ತಿದ್ದುದು ಮುಖ್ಯರಸ್ತೆಯ ಆಚೆಗಿದ್ದ ಒಬ್ಬ ಮುಸಲ್ಮಾನ ಮುದುಕನ ಬೇಕರಿಯಿಂದ. ಹೊಟೇಲಿನ ಬಾಗಿಲಿನಿಂದ ಬೇಕರಿಯ ಬಾಗಿಲಿಗೆ ಇನ್ನೂರು ಹೆಜ್ಜೆಗಿಂತ ಹೆಚ್ಚಿರಲಿಲ್ಲ. ಕರ್ಫ್ಯೂ ಸಡಿಲಾಗಿ ಎರಡು ದಿನ ಕಳೆದರೂ ಪಾವ್ ಬರಲಿಲ್ಲ. ಅತ್ತಣವರಿಗೆ ಇತ್ತ ಬರಲು ಭಯ. ಇತ್ತಣವರಿಗೆ ಅತ್ತ ಹೋಗಲು ಭಯ. ಮೂರನೆಯ ದಿನ ಬೆಳಿಗ್ಗೆ ಧಣಿಗಳು ಖಾಲಿ ಬುಟ್ಟಿಯನ್ನು ಕೈಗೆತ್ತಿಕೊಂಡು, "ನಾನು ಹೋಗಿ ಬರುತ್ತೇನೆ. ಯಾರಾದರೂ ಬರುವಿರಾ?" ಎಂದು ಕೇಳಿದರು. ಅಡುಗೆಯ ಭಟ್ಟರು ಎದ್ದರು. ಮೇಜು ಒರೆಸುವ ಹುಡುಗನೂ ಎದ್ದನು. ನಾನು ಏಳಲಿಲ್ಲ. ಗಲ್ಲಾವನ್ನು ಬಿಟ್ಟು ಬರುವಂತಿಲ್ಲವೆಂದೆ. ಗಲ್ಲಾದಲ್ಲಿ ಆ ದಿನ ಚಿಲ್ಲರೆಯ ಹೊರತು ಏನೂ ಇರಲಿಲ್ಲವೆಂಬುದು ಅವರಿಗೂ ತಿಳಿದಿತ್ತು. ಅವರು ಏನೂ ಹೇಳಲಿಲ್ಲ.

ಹುಡುಗನನ್ನು ಬಾಗಿಲಲ್ಲಿಯೇ ನಿಲ್ಲಿಸಿ ಇಬ್ಬರೂ ರಸ್ತೆ ದಾಟಿದರು. ಬೇಕರಿಯ ಮುದುಕನು ಗಾಬರಿಯಿಂದ ಹೊರಗೆ ಬಂದು, "ಅಣ್ಣಾ, ನೀವೇಕೆ ಬಂದಿರಿ? ಹುಡುಗನನ್ನು ಕಳುಹಿಸಿದ್ದರೆ ಆಗುತ್ತಿರಲಿಲ್ಲವೇ?" ಎಂದನಂತೆ. "ಹುಡುಗನನ್ನು ಕಳುಹಿಸಲು ಹೆದರಿಕೆಯಾಯಿತು, ಅದಕ್ಕೇ ನಾನು ಬಂದೆ" ಎಂದರಂತೆ ನಮ್ಮ ಧಣಿಗಳು. ಸುಳ್ಳು ಧೈರ್ಯದ ಒಂದು ಮಾತೂ ಅದರಲ್ಲಿರಲಿಲ್ಲ. ಬುಟ್ಟಿ ತುಂಬಿ ಬಂತು. ಮರುದಿನ ಮುದುಕನ ಮಗನು ತಾನೇ ಪಾವ್ ತಂದನು; ಅವನು ಹಿಂತಿರುಗುವಾಗ ಭಟ್ಟರು ರಸ್ತೆಯವರೆಗೆ ಜೊತೆಗೆ ನಡೆದರು. ನಾಲ್ಕನೆಯ ದಿನ ಬುಟ್ಟಿಯನ್ನು ಹಿಡಿದು ಹೋದವನು ನಾನು. ಆ ಇನ್ನೂರು ಹೆಜ್ಜೆಗಳಷ್ಟು ಉದ್ದವಾದ ದಾರಿಯನ್ನು ನಾನು ಜನ್ಮದಲ್ಲಿ ನಡೆದಿಲ್ಲ. ಎರಡೂ ಬದಿಯ ಕಿಟಕಿಗಳ ಕಣ್ಣುಗಳೆಲ್ಲ ನನ್ನ ಬೆನ್ನಿನ ಮೇಲೆಯೇ ಇದ್ದಂತೆ ತೋರಿತು. ಬೇಕರಿಯ ಬಿಸಿ ಮುಖಕ್ಕೆ ಬಡಿದಾಗಲೇ ಉಸಿರು ಬಂತು.

ದೂರದ ಪಾದಯಾತ್ರಿಕರನ್ನು ನೋಡಿ ನಗುವುದನ್ನು ನಾನು ನಿಲ್ಲಿಸಿದುದು ಅಂದಿನಿಂದ. ಇನ್ನೂರು ಹೆಜ್ಜೆಗೆ ಇಷ್ಟು ಎದೆ ಬೇಕಾದರೆ ಎಂಟು ಸಾವಿರ ಮೈಲಿಗೆ ಎಷ್ಟು ಬೇಕಾದೀತು! ಬುತ್ತಿಯನ್ನು ಬಿಟ್ಟು ಗಡಿ ದಾಟಿದ ತರುಣರೂ ಖಾಲಿ ಬುಟ್ಟಿ ಹಿಡಿದು ರಸ್ತೆ ದಾಟಿದ ಧಣಿಗಳೂ ಮಾಡಿದ ಕೆಲಸ ಒಂದೇ. ಯಾರನ್ನು ಕಂಡರೆ ಭಯವೋ ಅವನ ಬಾಗಿಲಿಗೆ ತಾವಾಗಿ ಹೋಗಿ ಅವನ ರೊಟ್ಟಿಯನ್ನು ಬೇಡಿದರು. ದಂಗೆಗಳ ಅನಂತರ, 1994ರಿಂದ, ಪೋಲೀಸ್ ಅಧಿಕಾರಿಗಳೂ ಸಮಾಜಸೇವಕರೂ ಕೂಡಿ ಮುಂಬಯಿಯ ಬಡಾವಣೆಗಳಲ್ಲಿ ಮೊಹಲ್ಲಾ ಸಮಿತಿಗಳನ್ನು ಕಟ್ಟಿದುದು ಇದೇ ಆಧಾರದ ಮೇಲೆ. ಎರಡು ಕಡೆಯವರು ಮುಖಾಮುಖಿಯಾಗಿ ಕುಳಿತುಕೊಳ್ಳದೆ ಬಂದೂಕಿನ ಕಾವಲಿನಿಂದ ಮಾತ್ರ ಶಾಂತಿ ಉಳಿಯಲಾರದು.

ಹೊರಡುವವರಿಗೆ ಕೆಲವು ಮಾತು

ಮುಂದೆ ಎಂದಾದರೂ ಇಂತಹ ಯಾತ್ರೆಯಲ್ಲಿ ಒಂದೆರಡು ದಿನವಾದರೂ ಸೇರಬೇಕೆಂಬ ಮನಸ್ಸು ವಾಚಕರಲ್ಲಿ ಯಾರಿಗಾದರೂ ಬಂದರೆ ಕೆಲವು ಸಂಗತಿಗಳು ತಿಳಿದಿರಬೇಕು. ಪಂಢರಪುರಕ್ಕೋ ಶಿರಡಿಗೋ ನಡೆದುಹೋದ ಅನುಭವವುಳ್ಳವರಿಗೆ ಇವು ಹೊಸತಲ್ಲ.

ಮೊದಲ ದಿನವೇ ಹುಮ್ಮಸ್ಸಿನಿಂದ ಓಡಬಾರದು. ಗಾಂಧೀಜಿಯ ತಂಡದ ನಡಿಗೆ ದಿನಕ್ಕೆ ಸರಾಸರಿ ಹತ್ತು ಮೈಲು ಮಾತ್ರ, ಸೋಮವಾರಗಳಲ್ಲಿ ವಿಶ್ರಾಂತಿಯಿತ್ತು. ಬಿಸಿಲೇರುವ ಮೊದಲೇ ಅರ್ಧ ದಾರಿಯನ್ನು ಮುಗಿಸಬೇಕು. ಹೊಸ ಪಾದರಕ್ಷೆಯನ್ನು ಧರಿಸಿ ಹೊರಡುವವನು ಎರಡನೆಯ ದಿನ ಕುಂಟುತ್ತಾನೆ. ಹಳೆಯದಾಗಿ ಕಾಲಿಗೆ ಹೊಂದಿದ್ದೇ ಲೇಸು. ಬೊಬ್ಬೆಯೆದ್ದರೆ ಚುಚ್ಚಬಾರದು, ಸ್ವಚ್ಛವಾದ ಬಟ್ಟೆಯನ್ನು ಕಟ್ಟಬೇಕು. ಬೆವರಿಗೆ ಬರಿಯ ನೀರು ಸಾಲದು. ಉಪ್ಪು, ಸಕ್ಕರೆ, ಲಿಂಬೆ ಸೇರಿಸಿದ ಪಾನಕ ಬೇಕು. ಗುಂಪಿನ ವೇಗವನ್ನು ನಿರ್ಣಯಿಸಬೇಕಾದವನು ಎಲ್ಲರಿಗಿಂತ ಹಿಂದೆ ಬೀಳುವವನು. ಮುಂದಿನ ಊರಿಗೆ ಮುಂಚಿತವಾಗಿ ಹೋಗಿ ನೀರನ್ನೂ ತಂಗುವ ಜಾಗವನ್ನೂ ವಿಚಾರಿಸುವ ಒಂದೆರಡು ಜನರಿಲ್ಲದೆ ಯಾವ ದೀರ್ಘಯಾತ್ರೆಯೂ ಸಾಗದು.

ಇದೆಲ್ಲಕ್ಕಿಂತ ಮುಖ್ಯವಾದುದು ಭಟಗಾಮಿನ ಪಾಠ. ಉಂಡ ಎಲೆಯನ್ನು ತಾನೇ ಎತ್ತಬೇಕು, ತನ್ನ ಗಂಟನ್ನು ತಾನೇ ಹೊರಬೇಕು, ಅಡುಗೆಯವನನ್ನು ಎರಡನೆಯ ಪಂಕ್ತಿಯವರೆಗೆ ಹಸಿದಿರಿಸಬಾರದು. ಈ ವಿಷಯದಲ್ಲಿ ಹೊಟೇಲು ಬಂಧುಗಳಿಗೆ ಉಪದೇಶದ ಅಗತ್ಯವಿಲ್ಲ. ಅವರು ಉಳಿದವರಿಗೆ ಕಲಿಸಬೇಕಾದುದೇ ಹೆಚ್ಚು.

ರಜೆ ದೊರೆಯದು, ಪಾಳಿ ಬಿಡುವಂತಿಲ್ಲ, ಊರಿಗೆ ಹಣ ಕಳುಹಿಸಬೇಕು ಎಂಬ ತೊಡಕುಗಳು ನಮ್ಮಲ್ಲಿ ಅನೇಕರಿಗಿವೆ. ಅವರು ದೆಹಲಿಯಿಂದಾಗಲಿ ಅಮೃತಸರದಿಂದಾಗಲಿ ಆರಂಭಿಸಬೇಕಾಗಿಲ್ಲ. ಯಾವ ಗಲ್ಲಿಯೊಳಗೆ ಕಾಲಿಡಲು ಮನಸ್ಸು ಅಳುಕುತ್ತದೆಯೋ ಅಲ್ಲಿಗೆ ಒಂದು ಸಂಜೆ ನಡೆದುಹೋಗಿ, ಅಲ್ಲಿಯ ಅಂಗಡಿಯಲ್ಲಿ ಒಂದು ಗ್ಲಾಸು ಚಹಾ ಕುಡಿದು, ಕ್ಷೇಮಸಮಾಚಾರವನ್ನು ವಿಚಾರಿಸಿ ಬರಬಹುದು. ಮರುದಿನ ಆ ಗಲ್ಲಿಯವನು ನಮ್ಮ ಹೊಟೇಲಿಗೆ ಬಂದರೆ, ಯಾವ ಜಾತಿ, ಯಾವ ಮತವೆಂದು ನೋಡದೆ, ಅಂಚು ಒಡೆಯದ ಗ್ಲಾಸಿನಲ್ಲಿ ಬಿಸಿ ಚಹಾ ತಂದಿಡಬಹುದು.

ಬೇಕರಿಯ ಆ ಮುದುಕನು ಈಗಿಲ್ಲ. ನಮ್ಮ ಧಣಿಗಳೂ ತೀರಿಹೋದರು. ಹಳೆಯ ಚಾಳುಗಳ ಜಾಗದಲ್ಲಿ ಎತ್ತರದ ಕಟ್ಟಡಗಳು ಎದ್ದಿವೆ. ರಸ್ತೆಯನ್ನು ದಾಟಲು ಈಗ ಇನ್ನೂರು ಹೆಜ್ಜೆಗಿಂತ ಹೆಚ್ಚು ಬೇಕು, ಅಷ್ಟು ವಾಹನಗಳು. ಆದರೂ ಬೆಳಗಿನ ಜಾವದಲ್ಲಿ ಪಾವಿನ ಬುಟ್ಟಿಯನ್ನು ಹೊತ್ತ ಸೈಕಲ್ಲು ಹೊಟೇಲಿನ ಬಾಗಿಲಿಗೆ ಬಂದು ಗಂಟೆ ಬಾರಿಸಿದಾಗ, ಈ ದಿನವೂ ದಾರಿ ತೆರೆದಿದೆಯೆಂದು ಮನಸ್ಸಿಗೆ ನೆಮ್ಮದಿಯಾಗುತ್ತದೆ.